ತಬಿಥಾ, ದೊರ್ಕ: ಇಬ್ಬರಾ, ಒಬ್ಬಳಾ?

ಪ್ರಶ್ನೆ: ಮಗಳಿಗೆ ತಬಿಥಾ ಅಂತ ಹೆಸರಿಡುವ ಆಸೆ. ಬೈಬಲಿನಲ್ಲಿ ಅವಳಿಗೆ ದೊರ್ಕ ಅಂತಲೂ ಹೆಸರಿದೆ. ಯಾಕೆ? ಹೆಸರಿನ ಅರ್ಥವೇನು?

ಉತ್ತರ: ಇಬ್ಬರಲ್ಲ, ಒಬ್ಬಳೇ. ಹೆಸರೂ ಒಂದೇ, ಭಾಷೆ ಮಾತ್ರ ಎರಡು. ತಬಿಥಾ ಅರಾಮಿಕ್ ಮಾತು, ದೊರ್ಕ ಗ್ರೀಕ್ ಮಾತು. ಎರಡಕ್ಕೂ ಅರ್ಥ ಜಿಂಕೆ. ನಮ್ಮಲ್ಲಿ ಹರಿಣಿ ಅಂತ ಹೆಸರಿಡುತ್ತೇವಲ್ಲ, ಹಾಗೆಯೇ.

ಈ ಹೆಸರು ಬರುವುದು ಬೈಬಲಿನ ಹೊಸ ಒಡಂಬಡಿಕೆಯ 'ಅಪೊಸ್ತಲರ ಕೃತ್ಯಗಳು' ಅನ್ನುವ ಪುಸ್ತಕದ 9ನೇ ಅಧ್ಯಾಯದಲ್ಲಿ. ಆ ಪುಸ್ತಕ ಗ್ರೀಕಿನಲ್ಲಿದೆ. ಆದರೆ ತಬಿಥಾ ಇದ್ದ ಯೊಪ್ಪದ ಕಡೆ ಜನ ಅರಾಮಿಕ್ ಆಡುತ್ತಿದ್ದರು. ಹಾಗಾಗಿ ಬರೆದವರು ಊರವರು ಕರೆಯುವ ಹೆಸರನ್ನೂ ಹೇಳಿ, ಓದುವವರಿಗೆ ತಿಳಿಯಲೆಂದು ಗ್ರೀಕಿನಲ್ಲೂ ಕೊಟ್ಟರು. ಯೊಪ್ಪ ಅಂದರೆ ಇಂದಿನ ಜಾಫಾ. ಈಗ ಅದು ಟೆಲ್ ಅವೀವ್ ನಗರದ ಭಾಗ.

ಯಾವ ಜಿಂಕೆ ಅಂತೀರಾ? ಕವಲೊಡೆದ ಕೊಂಬಿನ ಚುಕ್ಕೆ ಜಿಂಕೆ ಅಲ್ಲ. ಸಣ್ಣ ಮೈಯ, ಬಯಲಲ್ಲಿ ಓಡಾಡುವ ಗಸೆಲ್. ಬಾಗಲಕೋಟೆ ಜಿಲ್ಲೆಯ ಯಡಹಳ್ಳಿ ಧಾಮದಲ್ಲಿರುವ ಚಿಂಕಾರ ಅದರ ಬಳಗದ್ದೇ. ಹೀಬ್ರೂ ಭಾಷೆಯಲ್ಲಿ ಇದೇ ಮಾತು ತ್ಸಿವ್ಯಾ ಆಗುತ್ತದೆ. ಬೈಬಲಿನಲ್ಲಿ ಬರುವ ಯೂದ ರಾಜ್ಯದ ರಾಜ ಯೋವಾಷನ ತಾಯಿಗೆ ಆ ಹೆಸರಿತ್ತು. ಅರಬ್ಬಿಯಲ್ಲಿ ಧಬಿ. ಅಬುಧಾಬಿ ಅನ್ನುವ ಊರ ಹೆಸರಲ್ಲಿ ಇರುವುದೂ ಇದೇ ಜಿಂಕೆ! ನಮ್ಮವರು ಎಷ್ಟೋ ಜನ ದುಡಿಯಲು ಹೋಗುವ ಊರಿನಲ್ಲಿ ನಿಮ್ಮ ಮಗಳ ಹೆಸರಿನ ನೆಂಟಸ್ತಿಕೆ ಇದೆ ನೋಡಿ.

ಅರ್ಥಕ್ಕಿಂತ ನನಗೆ ಜಾಸ್ತಿ ಇಷ್ಟವಾಗುವುದು ಆ ಹೆಂಗಸಿನ ಬದುಕು. ಅವಳು ಸತ್ತಾಗ ಊರವರು ಹತ್ತಿರದ ಲುದ್ದ ಅನ್ನುವ ಊರಿನಿಂದ ಯೇಸುವಿನ ಶಿಷ್ಯ ಪೇತ್ರನನ್ನು ಕರೆಸುತ್ತಾರೆ. ಅವನು ಮಹಡಿ ಕೋಣೆಗೆ ಬಂದಾಗ ವಿಧವೆಯರು ಅಳುತ್ತಾ, ಅವಳು ಬದುಕಿದ್ದಾಗ ಹೊಲಿದುಕೊಟ್ಟ ಅಂಗಿಗಳನ್ನು ತೋರಿಸುತ್ತಾರೆ. ಆಮೇಲೆ ಪೇತ್ರ ಪ್ರಾರ್ಥಿಸಿ, "ತಬಿಥಾ, ಎದ್ದೇಳು" ಅನ್ನುತ್ತಾನೆ. ಅವಳು ಕಣ್ಣು ತೆರೆಯುತ್ತಾಳೆ. ಹೊಸ ಒಡಂಬಡಿಕೆಯ ಗ್ರೀಕ್ ಮೂಲದಲ್ಲಿ 'ಶಿಷ್ಯೆ' ಅನ್ನುವ ಸ್ತ್ರೀಲಿಂಗದ ಪದ ಬಳಕೆಯಾಗಿರುವುದು ಇವಳೊಬ್ಬಳಿಗೇ. ಬಡವರಿಗೆ ಬಟ್ಟೆ ಹೊಲಿದುಕೊಡುವ ಚರ್ಚ್ ಮಹಿಳಾ ಸಂಘಗಳಿಗೆ ಎಷ್ಟೋ ಕಡೆ ದೊರ್ಕಳ ಹೆಸರಿರುವುದೂ ಅವಳು ಹೊಲಿದುಕೊಟ್ಟ ಆ ಅಂಗಿಗಳ ನೆನಪಿಗೇ.

ಇನ್ನೊಂದು ಮಾತು. ತಲಿಥಾ ಬೇರೆ, ತಬಿಥಾ ಬೇರೆ. ಮಾರ್ಕನ ಸುವಾರ್ತೆಯ 5ನೇ ಅಧ್ಯಾಯದಲ್ಲಿ ಯೇಸು "ತಲಿಥಾ ಕೂಮ್" (ಹುಡುಗಿ, ಏಳು) ಅನ್ನುವುದು ಯಾಯೀರ ಅನ್ನುವವನ ಸತ್ತ ಮಗಳಿಗೆ. ಅಲ್ಲಿ ತಲಿಥಾ ಅವಳ ಹೆಸರಲ್ಲ, ಸುಮ್ನೆ 'ಮಗು, ಹುಡುಗಿ' ಅಂತ ಕರೆಯುವ ಮಾತು. ಒಂದೇ ಅಕ್ಷರದ ವ್ಯತ್ಯಾಸ ನೋಡಿ. ಜನನ ಪ್ರಮಾಣಪತ್ರ ಮಾಡಿಸುವಾಗ ಸರಿಯಾಗಿ ಬರೆಸಿ.