ಹಳೆಯ ಪರದೆಯಲ್ಲಿ ಸ್ಫುಟವಾದ ಅಕ್ಷರ: ಪಿಕ್ಸೆಲ್‌ಗೆ ಪಿಕ್ಸೆಲ್ ಹೊಂದಿಸುವ ಬಗೆ

ಹಳೆಯ ಎಲ್‌ಸಿಡಿ ಮಾನಿಟರ್‌ಗೆ ಕಂಪ್ಯೂಟರನ್ನು ಜೋಡಿಸಿದಾಗ ಅಕ್ಷರಗಳು ಮಸುಕಾಗಿ ಕಂಡರೆ, ಪರದೆಗೆ ವಯಸ್ಸಾಯಿತೆಂದು ತೀರ್ಮಾನಿಸುವ ಮೊದಲು ಒಂದು ಪ್ರಶ್ನೆಯನ್ನು ಕೇಳಿಕೊಳ್ಳಬೇಕು. ಕಂಪ್ಯೂಟರ್ ರಚಿಸಿದ ಪ್ರತಿಯೊಂದು ಪಿಕ್ಸೆಲ್, ಅಂದರೆ ಚಿತ್ರದ ಅತಿ ಚಿಕ್ಕ ಚುಕ್ಕೆ, ಪರದೆಯ ಒಂದೇ ಪಿಕ್ಸೆಲ್ ಮೇಲೆ, ಅಕ್ಕಪಕ್ಕಕ್ಕೆ ಹರಡದೆ ಬೀಳುತ್ತಿದೆಯೇ? ಮಸುಕಿನ ಬಹುತೇಕ ಕಾರಣಗಳು ಈ ಹೊಂದಾಣಿಕೆ ಎಲ್ಲೋ ಒಂದು ಹಂತದಲ್ಲಿ ತಪ್ಪಿರುವುದರಿಂದಲೇ ಹುಟ್ಟುತ್ತವೆ. ಆ ಹಂತವನ್ನು ಗುರುತಿಸುವುದೇ ಈ ಟಿಪ್ಪಣಿಯ ಉದ್ದೇಶ.

ಎಲ್‌ಸಿಡಿ ಫಲಕದಲ್ಲಿ ಪಿಕ್ಸೆಲ್‌ಗಳ ಸಂಖ್ಯೆ ತಯಾರಿಕೆಯಲ್ಲೇ ನಿಗದಿಯಾಗಿರುತ್ತದೆ. ಹಳೆಯ 17 ಮತ್ತು 19 ಇಂಚಿನ ಚೌಕಾಕಾರದ ಮಾನಿಟರ್‌ಗಳಲ್ಲಿ ಅದು ಸಾಮಾನ್ಯವಾಗಿ 1280×1024, 22 ಇಂಚಿನ ಅಗಲ ಪರದೆಗಳಲ್ಲಿ ಹೆಚ್ಚಾಗಿ 1680×1050. ಮೊದಲನೆಯ ಬಗೆಯ ಪರದೆಗೆ ಕಂಪ್ಯೂಟರ್ 1024×768 ಚಿತ್ರವನ್ನು ಕಳುಹಿಸಿದರೆ, ಒಂದು ಪಿಕ್ಸೆಲ್ ಅಡ್ಡಕ್ಕೆ 1.25 ಪಾಲು, ಉದ್ದಕ್ಕೆ 1.33 ಪಾಲು ಜಾಗವನ್ನು ತುಂಬಬೇಕಾಗುತ್ತದೆ. ಕಾಲು ಪಿಕ್ಸೆಲ್ಲನ್ನು ಬೆಳಗಿಸಲು ಯಾವ ಫಲಕಕ್ಕೂ ಸಾಧ್ಯವಿಲ್ಲದ ಕಾರಣ, ಮಾನಿಟರ್ ನೆರೆಯ ಬಣ್ಣಗಳನ್ನು ಬೆರೆಸಿ ಅಂತರವನ್ನು ತುಂಬುತ್ತದೆ. ಕಪ್ಪಾಗಿರಬೇಕಾದ ತೆಳು ಗೆರೆ ಎರಡು ಬೂದು ಗೆರೆಗಳಾಗುತ್ತದೆ. ಕನ್ನಡದಂತಹ ಲಿಪಿಯಲ್ಲಿ ಇದರ ಪೆಟ್ಟು ಮೊದಲು ಬೀಳುವುದು ಒತ್ತಕ್ಷರಗಳ ಸಣ್ಣ ಬಳುಕುಗಳ ಮೇಲೆ. ಆದ್ದರಿಂದ ಮಾನಿಟರ್‌ನ ಹಿಂಬದಿಯ ಚೀಟಿಯಿಂದ ಮಾದರಿ ಸಂಖ್ಯೆಯನ್ನು ತಿಳಿದು, ಅದರ ನಿಜವಾದ ರೆಸಲ್ಯೂಷನ್ (ಅಡ್ಡ ಮತ್ತು ಉದ್ದದ ಪಿಕ್ಸೆಲ್‌ಗಳ ಸಂಖ್ಯೆ) ಎಷ್ಟೆಂದು ಖಚಿತಪಡಿಸಿಕೊಂಡು, ಅದನ್ನೇ ಆರಿಸುವುದು ಮೊದಲ ಕೆಲಸ. ಅಕ್ಷರ ಚಿಕ್ಕದೆನಿಸಿದರೆ ಅಕ್ಷರದ ಗಾತ್ರವನ್ನು ಹೆಚ್ಚಿಸಬೇಕೇ ಹೊರತು ರೆಸಲ್ಯೂಷನ್ನನ್ನು ಇಳಿಸಬಾರದು.

ಸರಿಯಾದ ರೆಸಲ್ಯೂಷನ್ ಪಟ್ಟಿಯಲ್ಲೇ ಕಾಣದಿರುವುದೂ ಉಂಟು. ಮಾನಿಟರ್ ತನ್ನ ಗುಣಲಕ್ಷಣಗಳನ್ನು ಇಡಿಐಡಿ ಎಂಬ ಕನಿಷ್ಠ 128 ಬೈಟ್‌ಗಳ ದತ್ತಾಂಶದ ಮೂಲಕ ಕಂಪ್ಯೂಟರಿಗೆ ತಿಳಿಸುತ್ತದೆ. ಕೇಬಲ್‌ನಲ್ಲಿ ಅದಕ್ಕೆಂದಿರುವ ತಂತಿಗಳು ಇಲ್ಲದಿದ್ದರೆ ಅಥವಾ ನಡುವಿನ ಅಡಾಪ್ಟರ್ ಅದನ್ನು ದಾಟಿಸದಿದ್ದರೆ, ಕಂಪ್ಯೂಟರ್ ಎದುರಿಗಿರುವುದು ಯಾವ ಪರದೆಯೆಂದು ತಿಳಿಯದೆ 1024×768ರಂತಹ ಸುರಕ್ಷಿತ ಆಯ್ಕೆಗೆ ಇಳಿಯುತ್ತದೆ. ಆಗ ಬೇರೆ ಕೇಬಲ್ ಹಾಕಿ ನೋಡುವುದು ಒಳ್ಳೆಯದು. ಲಿನಕ್ಸ್‌ನಲ್ಲಿ ಎಕ್ಸ್11 ಎಂಬ ಪರದೆ ವ್ಯವಸ್ಥೆಯನ್ನು ಬಳಸುವವರು ಎಕ್ಸ್‌ಆರ್‌ಆಂಡ್‌ಆರ್ (xrandr) ಆದೇಶದಿಂದ ಬೇಕಾದ ರೆಸಲ್ಯೂಷನ್ನನ್ನು ತಾವೇ ಸೇರಿಸಿಕೊಳ್ಳಬಹುದು.

ರೆಸಲ್ಯೂಷನ್ ಸರಿಯಾಗಿದ್ದೂ ಮಸುಕು ಉಳಿದರೆ, ಸಂಪರ್ಕ ವಿಜಿಎ ಕೇಬಲ್‌ನಲ್ಲಿದೆಯೇ ಎಂದು ನೋಡಬೇಕು. ಕಲಿಯುವವರು ಹೆಚ್ಚು ಹೊತ್ತು ನಿಲ್ಲಬೇಕಾದ ಭಾಗ ಇದೇ ಎಂಬುದು ನನ್ನ ಅಭಿಪ್ರಾಯ. 1987ರಲ್ಲಿ ಐಬಿಎಂ ಪರಿಚಯಿಸಿದ ವಿಜಿಎ, ಗಾಜಿನ ಕೊಳವೆಯ ಪರದೆಗಳಿಗಾಗಿ ರೂಪುಗೊಂಡ ಅನಲಾಗ್ ವ್ಯವಸ್ಥೆ. ಅದರಲ್ಲಿ ಒಂದು ಪಿಕ್ಸೆಲ್ ಎಲ್ಲಿ ಮುಗಿದು ಮುಂದಿನದು ಎಲ್ಲಿ ಆರಂಭವಾಗುತ್ತದೆ ಎಂಬ ಗುರುತೇ ಇರುವುದಿಲ್ಲ. ಏರಿಳಿಯುವ ವೋಲ್ಟೇಜ್ ಮಾತ್ರ ಹರಿದು ಬರುತ್ತದೆ. 1280×1024, 60 ಹರ್ಟ್ಸ್‌ನ (ಸೆಕೆಂಡಿಗೆ 60 ಬಾರಿ ಚಿತ್ರ ಕಳುಹಿಸುವ) ಪ್ರಮಾಣಿತ ಸಂಕೇತದಲ್ಲಿ, ಕಾಣದ ಖಾಲಿ ಭಾಗವೂ ಸೇರಿ ಒಂದು ಸಾಲು 1688 ಪಿಕ್ಸೆಲ್‌ಗಳಷ್ಟು ಉದ್ದವಿರುತ್ತದೆ, ಮತ್ತು ಪಿಕ್ಸೆಲ್‌ಗಳು ಸೆಕೆಂಡಿಗೆ 10.8 ಕೋಟಿಯ ವೇಗದಲ್ಲಿ ಬರುತ್ತವೆ. ಎಲ್‌ಸಿಡಿ ಮಾನಿಟರ್ ಪ್ರತಿ ಸಾಲನ್ನೂ ನಿಖರವಾಗಿ 1688 ಪಾಲು ಮಾಡಿ ಅಳೆಯಬೇಕು. ಒಂದು ಪಾಲು ಹೆಚ್ಚುಕಡಿಮೆಯಾದರೂ ಅಳತೆ ನಿಧಾನವಾಗಿ ಜಾರುತ್ತಾ ಹೋಗಿ, ಪರದೆಯ ಒಂದು ಲಂಬ ಪಟ್ಟಿಯಲ್ಲಿ ಅಕ್ಷರಗಳು ಮಬ್ಬಾಗಿ ಉಳಿದೆಡೆ ಸ್ವಚ್ಛವಾಗಿ ಕಾಣುತ್ತವೆ. ಮಾನಿಟರ್‌ನ ಮೆನುವಿನಲ್ಲಿರುವ ಕ್ಲಾಕ್ ಎಂಬ ಆಯ್ಕೆ ಈ ಪಾಲುಗಳ ಸಂಖ್ಯೆಯನ್ನು ತಿದ್ದುತ್ತದೆ.

ಪಾಲುಗಳ ಸಂಖ್ಯೆ ಸರಿಯಾದ ಮೇಲೆ ಅಳೆಯುವ ಕ್ಷಣವೂ ಸರಿಯಾಗಬೇಕು. ಪ್ರತಿ ಪಿಕ್ಸೆಲ್‌ಗೆ ದೊರೆಯುವುದು ಸುಮಾರು 9 ನ್ಯಾನೋಸೆಕೆಂಡ್ ಮಾತ್ರ. ವೋಲ್ಟೇಜ್ ಸ್ಥಿರವಾಗಿರುವ ನಡುವಿನ ಕ್ಷಣವನ್ನು ಬಿಟ್ಟು, ಅದು ಬದಲಾಗುತ್ತಿರುವ ಅಂಚಿನಲ್ಲಿ ಅಳೆದರೆ ಇಡೀ ಪರದೆಯ ಅಕ್ಷರಗಳು ನಡುಗುತ್ತವೆ. ಇದನ್ನು ತಿದ್ದುವುದು ಫೇಸ್ ಎಂಬ ಆಯ್ಕೆ. ಪಟ್ಟಿಗಳು ಕಂಡರೆ ಕ್ಲಾಕ್, ಎಲ್ಲೆಡೆ ನಡುಕವಿದ್ದರೆ ಫೇಸ್ ಎಂದು ನೆನಪಿಟ್ಟುಕೊಂಡರೆ, ಯಾವುದನ್ನು ಮುಟ್ಟಬೇಕೆಂಬ ಗೊಂದಲ ಇರುವುದಿಲ್ಲ.

ಮಾನಿಟರ್‌ನ ಆಟೋ ಗುಂಡಿ ಇವೆರಡನ್ನೂ ತಾನೇ ಹೊಂದಿಸಲು ಯತ್ನಿಸುತ್ತದೆ. ಆದರೆ ಅದು ಚಿತ್ರದ ಅಂಚುಗಳನ್ನು ಹುಡುಕಿ ಲೆಕ್ಕ ಹಾಕುವುದರಿಂದ, ಕಪ್ಪು ಹಿನ್ನೆಲೆಯಿದ್ದಾಗ ತಪ್ಪುತ್ತದೆ. ಒಂದು ಪಿಕ್ಸೆಲ್ ಅಗಲದ ಕಪ್ಪು ಬಿಳುಪು ಲಂಬ ಗೆರೆಗಳು ತುಂಬಿದ ಚಿತ್ರವನ್ನು ಇಡೀ ಪರದೆಗೆ ಹಾಕಿ ಆ ಗುಂಡಿಯನ್ನು ಒತ್ತುವುದು ಉತ್ತಮ. ನಂತರ ಕೈಯಾರೆ ತಿದ್ದುವಾಗಲೂ ತಪ್ಪು ಆ ಗೆರೆಗಳಲ್ಲಿ ಸ್ಪಷ್ಟವಾಗಿ ಕಾಣುತ್ತದೆ. ವಿಜಿಎಯಲ್ಲಿ 75 ಹರ್ಟ್ಸ್ ಬದಲು 60 ಹರ್ಟ್ಸ್ ಇಟ್ಟುಕೊಳ್ಳುವುದೂ ನೆರವಾಗುತ್ತದೆ, ಏಕೆಂದರೆ ವೇಗ ಇಳಿದಷ್ಟೂ ಅಳೆಯಲು ಹೆಚ್ಚು ಸಮಯ ಸಿಗುತ್ತದೆ.

ಮಾನಿಟರ್‌ನಲ್ಲಿ ಡಿವಿಐ ಎಂಬ ಡಿಜಿಟಲ್ ಸಂಪರ್ಕವಿದ್ದರೆ ಈ ಶ್ರಮವೇ ಬೇಡ. 1999ರಲ್ಲಿ ಬಂದ ಡಿವಿಐ ಪಿಕ್ಸೆಲ್‌ಗಳನ್ನು ಅಂಕಿಗಳಾಗಿಯೇ ಕಳುಹಿಸುತ್ತದೆ. ಎಚ್‌ಡಿಎಂಐ ಅದೇ ತಳಹದಿಯ ಮೇಲೆ ನಿಂತಿರುವುದರಿಂದ, ಕಂಪ್ಯೂಟರ್‌ನ ಎಚ್‌ಡಿಎಂಐಯಿಂದ ಮಾನಿಟರ್‌ನ ಡಿವಿಐಗೆ ಸಾಧಾರಣ ಕೇಬಲ್ ಸಾಕು. ಎಚ್‌ಡಿಎಂಐಯಿಂದ ವಿಜಿಎಗೆ ಹೋಗಲು ಮಾತ್ರ ಸಂಕೇತವನ್ನು ಅನಲಾಗ್‌ಗೆ ಬದಲಿಸುವ ಚಿಪ್ ಇರುವ ಪರಿವರ್ತಕ ಬೇಕು, ಮತ್ತು ಮಾನಿಟರ್ ಅದನ್ನು ಮತ್ತೆ ಅಂಕಿಗಳಾಗಿಸಬೇಕು.

ಹಳೆಯ ಟಿವಿಯನ್ನು ಪರದೆಯಾಗಿ ಬಳಸುವಾಗ ಬೇರೊಂದು ತೊಡಕು ಎದುರಾಗುತ್ತದೆ. ಅನೇಕ ಟಿವಿಗಳು ಚಿತ್ರವನ್ನು ತುಸು ಹಿಗ್ಗಿಸಿ ಅಂಚುಗಳನ್ನು ಕತ್ತರಿಸುತ್ತವೆ. ಮೆನುವಿನಲ್ಲಿ ಸ್ಕ್ರೀನ್ ಫಿಟ್ ಅಥವಾ ಜಸ್ಟ್ ಸ್ಕ್ಯಾನ್‌ನಂತಹ ಆಯ್ಕೆಯನ್ನು ಹುಡುಕಿ ಹಾಕಿ ಈ ಹಿಗ್ಗಿಸುವಿಕೆಯನ್ನು ನಿಲ್ಲಿಸಬೇಕು, ಶಾರ್ಪ್‌ನೆಸ್ಸನ್ನೂ ಇಳಿಸಬೇಕು. ಅದು ಹೆಚ್ಚಿದ್ದರೆ ಅಕ್ಷರಗಳ ಸುತ್ತ ಬಿಳಿಯ ಅಂಚು ಮೂಡುತ್ತದೆ. 1366×768 ಫಲಕದ ಟಿವಿಗಳಲ್ಲಿ ಪಟ್ಟಿಯಲ್ಲಿ ಹಲವು ಬಾರಿ 1360×768 ಕಾಣಿಸುತ್ತದೆ, ಏಕೆಂದರೆ ಇಡಿಐಡಿಯ ಪ್ರಮಾಣಿತ ಪಟ್ಟಿಯಲ್ಲಿ ಅಗಲವನ್ನು 8ರ ಗುಣಕವಾಗಿ ಮಾತ್ರ ಬರೆಯಬಹುದು.

ಕೊನೆಯದಾಗಿ ಕಂಪ್ಯೂಟರ್‌ನ ಒಳಗೂ ನೋಡಬೇಕು. ಲ್ಯಾಪ್‌ಟಾಪ್ ಮತ್ತು ಮಾನಿಟರ್ ಎರಡರಲ್ಲೂ ಒಂದೇ ಚಿತ್ರವನ್ನು ತೋರಿಸುವ ಆಯ್ಕೆಯಲ್ಲಿ ರೆಸಲ್ಯೂಷನ್ ಸಾಮಾನ್ಯವಾಗಿ ಎರಡಕ್ಕೂ ಒಗ್ಗುವಂಥದ್ದಾಗಿ, ಒಂದಕ್ಕೆ ಅನ್ಯಾಯವಾಗುತ್ತದೆ. ಎರಡರಲ್ಲೂ ಬೇರೆ ಬೇರೆ ಚಿತ್ರ ತೋರಿಸುವ, ವಿಸ್ತರಿಸುವ (ಎಕ್ಸ್‌ಟೆಂಡ್) ಆಯ್ಕೆ ಮೇಲು. ವಿಂಡೋಸ್‌ನಲ್ಲಿ ಹಳೆಯ ಪರದೆಗೆ ಸ್ಕೇಲಿಂಗ್ (ಎಲ್ಲವನ್ನೂ ಹಿಗ್ಗಿಸಿ ತೋರಿಸುವ ಪ್ರಮಾಣ) 100 ಪ್ರತಿಶತ ಇಟ್ಟು, ಅಕ್ಷರಗಳ ಅಂಚನ್ನು ನಯಗೊಳಿಸುವ ಕ್ಲಿಯರ್‌ಟೈಪ್ ಹೊಂದಾಣಿಕೆಯನ್ನು ಆ ಪರದೆಯ ಮೇಲೆಯೇ ನಡೆಸಬೇಕು. ಕ್ಲಿಯರ್‌ಟೈಪ್ ಪಿಕ್ಸೆಲ್‌ನೊಳಗಿನ ಕೆಂಪು, ಹಸಿರು, ನೀಲಿ ಪಟ್ಟಿಗಳು ಅಕ್ಕಪಕ್ಕದಲ್ಲಿವೆ ಎಂಬ ಲೆಕ್ಕದಲ್ಲಿ ಕೆಲಸ ಮಾಡುವುದರಿಂದ, ಮಾನಿಟರನ್ನು ಲಂಬವಾಗಿ ತಿರುಗಿಸಿ ನಿಲ್ಲಿಸಿದವರಿಗೆ ಅಕ್ಷರಗಳ ಅಂಚಿನಲ್ಲಿ ಬಣ್ಣ ಕಾಣಬಹುದು. ಅಂಥವರು ಕ್ಲಿಯರ್‌ಟೈಪನ್ನು ನಿಲ್ಲಿಸಿ ನೋಡುವುದು ಒಳಿತು.