ಹಿಸ್ಟಮಿನ್ ಹನಿಯೂ ಉಬ್ಬದಿದ್ದಾಗ

ಬ್ಯಾಡಗಿ ಕಡೆಯ ಒಬ್ಬ ತಾಯಿ ಹುಬ್ಬಳ್ಳಿಯ ನಮ್ಮ ಕ್ಲಿನಿಕ್‌ಗೆ ಬಂದಿದ್ದರು. ಮೆಣಸಿನಕಾಯಿ ತೊಟ್ಟು ಬಿಡಿಸುವ ಕೆಲಸ. ವರ್ಷವಿಡೀ ಸೀನು, ಮೂಗು ಸೋರುವುದು. ಯಾವುದರ ಅಲರ್ಜಿ ಅಂತ ತಿಳಿಯಲು ಚುಚ್ಚು ಪರೀಕ್ಷೆ ಮಾಡಿದೆ: ಅಲರ್ಜಿ ತರಬಹುದಾದ ವಸ್ತುಗಳ ಹನಿಗಳನ್ನು ಮುಂಗೈ ಮೇಲೆ ಸಾಲಾಗಿ ಇಟ್ಟು, ಒಂದೊಂದರಲ್ಲೂ ಸೂಜಿ ಮೊನೆಯಿಂದ ಮೆಲ್ಲಗೆ ಚುಚ್ಚಿದೆ. 20 ನಿಮಿಷ ಕಳೆದರೂ ಏನೂ ಏಳಲಿಲ್ಲ.

"ಹಂಗಾದ್ರ ಅಲರ್ಜಿ ಇಲ್ಲೇನ್ರಿ ಸರ್?" ಅಂತ ಖುಷಿಯಿಂದ ಕೇಳಿದರು. ನಾನು ನೋಡುತ್ತಿದ್ದದ್ದು ಕೊನೆಯ ಹನಿಯನ್ನು. ಅದು ಹಿಸ್ಟಮಿನ್, ಅಲರ್ಜಿಯಾದಾಗ ಮೈಯಲ್ಲೇ ಬಿಡುಗಡೆಯಾಗಿ ಉಬ್ಬು ತರಿಸುವ ರಾಸಾಯನಿಕ. ಅಲರ್ಜಿ ಇರಲಿ, ಬಿಡಲಿ, ಅದು ಸೊಳ್ಳೆ ಕಚ್ಚಿದ ಹಾಗೆ ಉಬ್ಬಬೇಕು. ಅದೂ ಉಬ್ಬಿರಲಿಲ್ಲ. ಹಾಗಾದಾಗ ಉಳಿದ ಯಾವ ಹನಿಯನ್ನೂ ನಂಬುವ ಹಾಗಿಲ್ಲ.

"ಗುಳಿಗಿ ಏನರೆ ತಗೊಂಡೀರೇನು?" ಮತ್ತೆ ಕೇಳಿದೆ.

"ಇಲ್ರಿ. ನಿನ್ನೆ ರಾತ್ರಿ ನೆಗಡೀದೊಂದು ತಗೊಂಡೀನಿ, ಅಷ್ಟ."

ಎಡವಟ್ಟಾಗಿದ್ದು ಅಲ್ಲೇ. ಹಿಸ್ಟಮಿನ್ ಕೆಲಸ ತಡೆಯುವ ಸೆಟ್ರಿಜಿನ್, ಲೆವೊಸೆಟ್ರಿಜಿನ್‌ನಂಥ ಗುಳಿಗೆಗಳನ್ನು ಪರೀಕ್ಷೆಗೆ ಸುಮಾರು ಒಂದು ವಾರ ಮೊದಲೇ ನಿಲ್ಲಿಸಬೇಕು. ಇದೇ ಜಾತಿಯ ಔಷಧ ನೆಗಡಿ ಗುಳಿಗೆಯಲ್ಲಿ, ಎಷ್ಟೋ ಕೆಮ್ಮಿನ ಸಿರಪ್‌ನಲ್ಲೂ ಇರುತ್ತದೆ. ಜನ ಅದನ್ನು ಔಷಧ ಅಂತಲೇ ಲೆಕ್ಕಕ್ಕಿಡುವುದಿಲ್ಲ. ತಲೆನೋವಿಗೆ, ನಿದ್ದೆಗೆ ಕೊಡುವ ಅಮಿಟ್ರಿಪ್ಟಿಲಿನ್ ಕೂಡ ಚರ್ಮವನ್ನು ದಿನಗಟ್ಟಲೆ ಸುಮ್ಮನಾಗಿಸುತ್ತದೆ. ಅದನ್ನು ಮಾತ್ರ ನೀವೇ ಬಿಡಬೇಡಿ, ಬರೆದುಕೊಟ್ಟ ವೈದ್ಯರನ್ನು ಕೇಳಿ. ಮುಂಗೈಗೆ ದಿನವೂ ಸ್ಟೀರಾಯ್ಡ್ ಮುಲಾಮು ಹಚ್ಚುತ್ತಿದ್ದರೆ ಅದನ್ನೂ ಹೇಳಿ. ಉಬ್ಬಸದ ಇನ್‌ಹೇಲರ್ ನಿಲ್ಲಿಸುವುದು ಬೇಡವೇ ಬೇಡ.

ಉಲ್ಟಾ ಆಗುವುದೂ ಉಂಟು. ಕೆಲವರ ಚರ್ಮ ಉಗುರಿನಿಂದ ಗೀರಿದರೂ ಬಾಸುಂಡೆ ಏಳುತ್ತದೆ. ಅಂಥವರಲ್ಲಿ ಹೋಲಿಕೆಗೆಂದು ಇಡುವ ಬರೀ ಸಲೈನ್ (ಉಪ್ಪುನೀರು) ಹನಿಯೂ ಉಬ್ಬಿ ನಿಲ್ಲುತ್ತದೆ. ಅದಕ್ಕೇ ಸಲೈನ್‌ಗಿಂತ ಕನಿಷ್ಠ 3 ಮಿಲಿಮೀಟರ್ ದೊಡ್ಡದಾದರೆ ಮಾತ್ರ ಪಾಸಿಟಿವ್ ಅನ್ನುತ್ತೇವೆ. ಹನಿಗಳ ನಡುವೆ 2 ಸೆಂಟಿಮೀಟರ್ ಜಾಗ ಇಲ್ಲದಿದ್ದರೆ ಒಂದರ ಕೆಂಪು ಇನ್ನೊಂದಕ್ಕೆ ಹಬ್ಬಿ ಅಳತೆ ಕೆಡುತ್ತದೆ.

ಇನ್ನು ಹೊಲದ ಕಾಂಗ್ರೆಸ್ ಕಸ ಮುಟ್ಟಿ ಕೈ, ಮುಖ ಕೆರೆಯುವವರಿಗೆ ಈ ಚುಚ್ಚು ಪರೀಕ್ಷೆ ಉತ್ತರ ಕೊಡುವುದಿಲ್ಲ. ಅದಕ್ಕೆ ಬೆನ್ನಿಗೆ ಪಟ್ಟಿ ಅಂಟಿಸಿ, 2 ದಿನ ಬಿಟ್ಟು ನೋಡುವ ಪ್ಯಾಚ್ ಪರೀಕ್ಷೆಯೇ ಬೇಕು.

ಆ ತಾಯಿ ಎಂಟು ದಿನ ಗುಳಿಗೆ ಬಿಟ್ಟು ಮತ್ತೆ ಬಂದರು. ಹಿಸ್ಟಮಿನ್ ಚೆನ್ನಾಗಿ ಉಬ್ಬಿತು. ಮನೆ ಧೂಳಿನ ಹುಳದ ಹನಿ ಅದಕ್ಕಿಂತ ದೊಡ್ಡದಾಯಿತು. ಆದರೂ ಬರೀ ಗುಳ್ಳೆ ನೋಡಿ ಅಲರ್ಜಿ ಅನ್ನಲಾಗದು. ಎಷ್ಟೋ ಮಂದಿಗೆ ಗುಳ್ಳೆ ಏಳುತ್ತದೆ, ತೊಂದರೆ ಏನೂ ಇರುವುದಿಲ್ಲ. ಸೀನು ಯಾವಾಗ ಜಾಸ್ತಿ ಅಂತ ಕೇಳಿದೆ. ಕೆಲಸದ ಹೊತ್ತಲ್ಲ, ನಸುಕಿನಲ್ಲಿ ಏಳುವಾಗ ಅಂದರು.

"ರಾತ್ರಿ ಹೊದಿಯೋದು ಏನ್ರಿ?"

"ಕೌದಿ ರೀ. ನಮ್ಮವ್ವ ಹೊಲಿದದ್ದು. ತೊಳದು ಭಾಳ ದಿನ ಆತು."