ಪೆಲ್ವಿಕ್ ಫ್ಲೋರ್: ಬಸಿರು, ಹೆರಿಗೆ, ಆಮೇಲೆ

ಪೆಲ್ವಿಕ್ ಫ್ಲೋರ್, ಅಂದರೆ ಸೊಂಟದ ಮೂಳೆಗಳ ತಳದಲ್ಲಿ ಹರಡಿರುವ ಸ್ನಾಯುಗಳು. ಪರೀಕ್ಷೆಯಲ್ಲಿ ಇದರ ಬಗ್ಗೆ ಕೇಳಿದ ಕೂಡಲೇ ನಮ್ಮಲ್ಲಿ ಬಹಳ ಜನ "ಕೀಗಲ್ ವ್ಯಾಯಾಮ" ಅಂತ ಬರೆದು ಮುಂದಿನ ಪ್ರಶ್ನೆಗೆ ಹೋಗಿಬಿಡುತ್ತಾರೆ. ಅಮೆರಿಕದ ಸ್ತ್ರೀರೋಗ ತಜ್ಞ ಆರ್ನಾಲ್ಡ್ ಕೀಗಲ್ 1948ರಲ್ಲಿ ಈ ಸ್ನಾಯುಗಳನ್ನು ಬಿಗಿಯುವ ಈ ವ್ಯಾಯಾಮದ ಬಗ್ಗೆ ಬರೆದರು. ಹೆರಿಗೆಯಲ್ಲಿ ಸಡಿಲವಾದ ಸ್ನಾಯುಗಳಿಗೆ ಮತ್ತೆ ಬಲ ತರೋದು ಅವರ ಗುರಿಯಾಗಿತ್ತು. ಅದು ಸರಿ. ಆದರೆ ಈ ಸ್ನಾಯುಗಳು ಬಿಗಿಯೋದನ್ನೂ ಮಾಡಬೇಕು, ಬಿಡೋದನ್ನೂ ಮಾಡಬೇಕು. ಮಗು ಹೊರಗೆ ಬರುವಾಗ ಬೇಕಾಗೋದು ಬಿಡೋದೇ. ಪರೀಕ್ಷೆಗೆ ಓದುವಾಗ ಈ ಅರ್ಧ ನಮ್ಮ ಕೈತಪ್ಪುತ್ತದೆ.

ಮೊದಲು ರಚನೆ. ಮುಂದೆ ಪ್ಯೂಬಿಕ್ ಮೂಳೆ, ಹಿಂದೆ ಬಾಲದ ಮೂಳೆ, ಎರಡು ಪಕ್ಕದಲ್ಲಿ ನಾವು ಕೂರುವ ಮೂಳೆಗಳು. ಇವುಗಳ ನಡುವೆ ಜೋಲಿ ಕಟ್ಟಿದ ಹಾಗೆ ಲಿವೇಟರ್ ಏನೈ ಸ್ನಾಯು ಹರಡಿಕೊಂಡಿದೆ. ಇದರಲ್ಲಿ ಮೂರು ಭಾಗ: ಪ್ಯೂಬೊರೆಕ್ಟಾಲಿಸ್, ಪ್ಯೂಬೊಕಾಕ್ಸಿಜಿಯಸ್, ಇಲಿಯೊಕಾಕ್ಸಿಜಿಯಸ್. ಮೂತ್ರಕೋಶ, ಗರ್ಭಕೋಶ, ಗುದನಾಳ ಮೂರಕ್ಕೂ ಕೆಳಗಿನ ಆಸರೆ ಇದೇ. ಮೂತ್ರ ಮತ್ತು ಮಲದ್ವಾರದ ಹೊರ ಸ್ಫಿಂಕ್ಟರ್‌ಗಳಿಗೆ (ದ್ವಾರವನ್ನು ಮುಚ್ಚಿ ಹಿಡಿಯುವ ಉಂಗುರದಂಥ ಸ್ನಾಯುಗಳಿಗೆ) ಪ್ಯುಡೆಂಡಲ್ ನರ ಬರುತ್ತದೆ, ಬೇರು ಬೆನ್ನುಹುರಿಯ ಕೆಳಭಾಗದ ಎಸ್2ರಿಂದ ಎಸ್4 ನರಗಳು. ಇದನ್ನು ಬಾಯಿಪಾಠ ಮಾಡಿ, ಮೌಖಿಕ ಪರೀಕ್ಷೆಯಲ್ಲಿ ಕೇಳೇ ಕೇಳುತ್ತಾರೆ.

ಈಗ ನಿಜವಾದ ವಿಷಯ: ಉಸಿರು. ಗಟ್ಟಿ ಕುರ್ಚಿಯ ಮೇಲೆ ಕೂತು ನೀವೇ ನೋಡಿ. ಉಸಿರು ಎಳೆದಾಗ ವಪೆ (ಎದೆ ಮತ್ತು ಹೊಟ್ಟೆಯ ನಡುವಿನ ಉಸಿರಾಟದ ಸ್ನಾಯು) ಕೆಳಗಿಳಿಯುತ್ತದೆ, ಹೊಟ್ಟೆ ಮುಂದೆ ಬರುತ್ತದೆ, ಕೂರುವ ಮೂಳೆಗಳ ನಡುವಿನ ಜಾಗ ಸ್ವಲ್ಪ ಕೆಳಕ್ಕೆ ಉಬ್ಬಿದ ಹಾಗೆ ಅನ್ನಿಸುತ್ತದೆ. ಉಸಿರು ಬಿಟ್ಟಾಗ ಎಲ್ಲ ಮೇಲಕ್ಕೆ. ಈಗ ಉಸಿರು ಬಿಡುತ್ತಾ, ಮಲದ್ವಾರದಿಂದ ಗಾಳಿ ಹೋಗದಂತೆ ತಡೆಯುವ ಹಾಗೆ ಈ ಸ್ನಾಯುಗಳನ್ನು ಒಳಗೆ ಎಳೆದುಕೊಳ್ಳಿ. ಪೃಷ್ಠ, ತೊಡೆ ಬಿಗಿಯಾದರೆ ತಪ್ಪು ಸ್ನಾಯು ಕೆಲಸ ಮಾಡ್ತಿದೆ ಅಂತ ಅರ್ಥ. ಕೆಲವು ಸೆಕೆಂಡು ಹಿಡಿದು, ಪೂರ್ತಿ ಬಿಡಿ. ಆ ಪೂರ್ತಿ ಬಿಡೋದೂ ವ್ಯಾಯಾಮದ ಭಾಗವೇ. ಬಿಡದೇ ಮತ್ತೆ ಮತ್ತೆ ಬಿಗಿದರೆ ಸ್ನಾಯು ಗಂಟು ಕಟ್ಟಿಕೊಂಡ ಹಾಗಾಗಿ ನೋವು ಶುರುವಾಗಬಹುದು, ಮೂತ್ರ, ಮಲ ಮಾಡೋದಕ್ಕೇ ಕಷ್ಟವಾಗಬಹುದು. ಮೂತ್ರ ಮಾಡುವಾಗ ನಡುವೆ ನಿಲ್ಲಿಸಿ ಅಭ್ಯಾಸ ಮಾಡಿ ಅಂತ ಕೆಲವರು ಹೇಳಿಕೊಡುತ್ತಾರೆ. ಸ್ನಾಯು ಯಾವುದು ಅಂತ ಗೊತ್ತಾಗೋದಕ್ಕೆ ಒಂದು ಸಲ ಸರಿ, ದಿನಾ ಮಾಡೋದು ಬೇಡ. ಮೂತ್ರಕೋಶ ಪೂರ್ತಿ ಖಾಲಿಯಾಗಲ್ಲ.

ಬಸುರಿನಲ್ಲಿ ಆಗೋ ಬದಲಾವಣೆ ಸುಮಾರಾಗಿ ಹೀಗೆ. ರಿಲ್ಯಾಕ್ಸಿನ್, ಪ್ರೊಜೆಸ್ಟೆರಾನ್ ಹಾರ್ಮೋನುಗಳಿಂದ ಮೂಳೆಗಳನ್ನು ಕಟ್ಟಿ ಹಿಡಿಯುವ ಲಿಗಮೆಂಟುಗಳು ಮೆತ್ತಗಾಗುತ್ತವೆ. ರಿಲ್ಯಾಕ್ಸಿನ್ ಅತಿ ಹೆಚ್ಚು ಇರೋದು ಮೊದಲ ಮೂರು ತಿಂಗಳಲ್ಲಿ, ಕೊನೆಯಲ್ಲಿ ಅಲ್ಲ. ಮುಂದಿನ ಪ್ಯೂಬಿಕ್ ಕೀಲಿನ ಸಂದು ಸಾಮಾನ್ಯವಾಗಿ 4-5 ಮಿ.ಮೀ., ಬಸುರಿನಲ್ಲಿ ಇನ್ನೂ 2-3 ಮಿ.ಮೀ. ಅಗಲವಾಗುತ್ತದೆ. 10 ಮಿ.ಮೀ. ದಾಟಿದರೆ ಕೀಲು ಬಿಟ್ಟುಕೊಂಡಿದೆ ಅಂತ ನೋಡುತ್ತಾರೆ. ಮಂಚದ ಮೇಲೆ ಮಗ್ಗುಲು ಬದಲಿಸುವಾಗ, ಒಂದು ಕಾಲ ಮೇಲೆ ನಿಂತು ಲಂಗ ಹಾಕಿಕೊಳ್ಳುವಾಗ ತೊಡೆಸಂದಿನಲ್ಲಿ ಚುಚ್ಚಿದ ಹಾಗೆ ನೋವು ಅಂದರೆ ಈ ಕೀಲನ್ನು ನೆನಪಿಸಿಕೊಳ್ಳಿ. ಕೂತು ಬಟ್ಟೆ ಹಾಕಿಕೊಳ್ಳೋದು, ಎರಡು ಮಂಡಿ ಜೋಡಿಸಿಕೊಂಡು ಹೊರಳೋದು, ಇಷ್ಟರಲ್ಲೇ ಬಹಳ ಜನಕ್ಕೆ ಆರಾಮ ಆಗುತ್ತದೆ.

ಹೆರಿಗೆಯಲ್ಲಿ ತಲೆ ಇಳಿಯುವಾಗ ಲಿವೇಟರ್ ಸ್ನಾಯುವಿನ ಒಳ ಅಂಚು ತನ್ನ ಮೊದಲಿನ ಉದ್ದದ ಮೂರು ಪಟ್ಟಿಗಿಂತ ಜಾಸ್ತಿ ಹಿಗ್ಗುತ್ತದೆ ಅಂತ ಕಂಪ್ಯೂಟರ್ ಮಾದರಿಗಳು ತೋರಿಸಿವೆ. ಬೇರೆ ಯಾವ ಸ್ನಾಯುವನ್ನೂ ಇಷ್ಟು ಎಳೆದರೆ ಹರಿದೇ ಹೋಗುತ್ತದೆ. ಭಂಗಿಯೂ ಲೆಕ್ಕಕ್ಕೆ ಬರುತ್ತದೆ. ಅಂಗಾತ ಮಲಗಿದರೆ ಬೆನ್ನಿನ ಕೊನೆಯ ಸೇಕ್ರಮ್ ಮೂಳೆ ಹಾಸಿಗೆಗೆ ಒತ್ತಿಕೊಂಡು ಹಿಂದಕ್ಕೆ ಸರಿಯಲಾಗದು. ಮಗ್ಗುಲಾಗಿ ಮಲಗಿದರೆ, ಮಂಡಿಯೂರಿದರೆ, ಕುಕ್ಕರುಗಾಲಲ್ಲಿ ಕೂತರೆ ಅದಕ್ಕೆ ಜಾಗ ಸಿಗುತ್ತದೆ. ಎರಡನೇ ಹಂತದಲ್ಲಿ, ಅಂದರೆ ಮಗು ಹೊರಗೆ ಬರುವ ಹಂತದಲ್ಲಿ, ಹದವಾದ ಬಿಸಿನೀರಲ್ಲಿ ಅದ್ದಿದ ಬಟ್ಟೆಯನ್ನು ಪೆರಿನಿಯಮ್‌ಗೆ (ಯೋನಿ ಮತ್ತು ಮಲದ್ವಾರದ ನಡುವಿನ ಜಾಗಕ್ಕೆ) ಒತ್ತಿ ಹಿಡಿದರೆ 3 ಮತ್ತು 4ನೇ ದರ್ಜೆಯ ಸೀಳು ಕಡಿಮೆಯಾಗುತ್ತದೆ. ಖರ್ಚಿಲ್ಲದ ಕೆಲಸ, ಆದರೂ ಎಷ್ಟೋ ಕಡೆ ಮಾಡಲ್ಲ. ಎಪಿಸಿಯೊಟಮಿ (ಹೆರಿಗೆಯಲ್ಲಿ ಪೆರಿನಿಯಮ್‌ಗೆ ಕತ್ತರಿ ಹಾಕೋದು) ಎಲ್ಲರಿಗೂ ಮಾಡುವ ಪದ್ಧತಿ ಬೇಡ ಅಂತ ವಿಶ್ವ ಆರೋಗ್ಯ ಸಂಸ್ಥೆ 2018ರಲ್ಲೇ ಹೇಳಿದೆ.

ಸೀಳಿನ ದರ್ಜೆಗಳು ಬೇಗ ನೋಡಿಬಿಡೋಣ. 1 ಚರ್ಮ ಮಾತ್ರ. 2 ಪೆರಿನಿಯಮ್ ಸ್ನಾಯು. 3 ಗುದದ ಸ್ಫಿಂಕ್ಟರ್, 4 ಗುದನಾಳದ ಒಳಪದರದವರೆಗೆ. ಸಿಸೇರಿಯನ್ ಆದವರಿಗೆ ಈ ಸೀಳು ಇಲ್ಲ, ಆದರೆ ಒಂಬತ್ತು ತಿಂಗಳ ಭಾರ ಅವರೂ ಹೊತ್ತಿದ್ದಾರೆ. ಹಾಗಾಗಿ "ಆಪರೇಷನ್ ಆಗಿದೆ, ಇದೆಲ್ಲ ಬೇಡ" ಅನ್ನೋದು ಸರಿಯಲ್ಲ.

ಹೆರಿಗೆಯಾಗಿ 6 ಗಂಟೆ ಕಳೆದರೂ ಮೂತ್ರ ಆಗದಿದ್ದರೆ ಕೂಡಲೇ ತಿಳಿಸಬೇಕು. ಕೂರುವ ಜಾಗ ಮರಗಟ್ಟಿದ್ದರೆ, ಮಲ ಅಥವಾ ಗಾಳಿ ತಡೆಯಲು ಆಗದಿದ್ದರೆ ಕಾಯಬಾರದು.

ಬಾಣಂತನದ ಬಗ್ಗೆ ಒಂದು ಮಾತು. ನಮ್ಮ ಕಡೆ ವಿಶ್ರಾಂತಿ, ಬಿಸಿನೀರಿನ ಸ್ನಾನ, ಎಣ್ಣೆ ಮಾಲೀಸು ಎಲ್ಲ ಚೆನ್ನಾಗಿಯೇ ಇದೆ. ತೊಂದರೆ ಕೊಡೋದು ನೀರು ಕಡಿಮೆ ಕುಡಿಸೋದು. ಮೊದಲೇ ಹಾಲೂಡಿಸುವವಳು, ಮೇಲೆ ತರಕಾರಿಗೂ ಪಥ್ಯ ಅಂದರೆ ಮಲಬದ್ಧತೆ ಬರದೇ ಇರುತ್ತಾ? ಹೊಲಿಗೆ ಇರುವ ಜಾಗದ ಮೇಲೆ ತಿಣುಕೋದು ಬೇಡವೇ ಬೇಡ. ಹೊಟ್ಟೆಗೆ ಬಟ್ಟೆ ಸುತ್ತೋದಾದರೆ ಆಸರೆಗೆ ಇರಲಿ, ಉಸಿರು ಕಟ್ಟುವ ಹಾಗೆ ಬಿಗಿದರೆ ಒತ್ತಡವೆಲ್ಲ ಕೆಳಗೇ ಹೋಗುತ್ತದೆ. ಮನೆಯ ಹಿರಿಯರ ಹತ್ತಿರ "ಅದು ತಪ್ಪು ಅಜ್ಜಿ" ಅಂತ ಶುರು ಮಾಡಿದರೆ ಮಾತು ಅಲ್ಲಿಗೇ ನಿಲ್ಲುತ್ತದೆ. "ಮಲ ಸಲೀಸಾಗಿ ಆಗಲಿ ಅಂತ ಬಿಸಿನೀರು ಜಾಸ್ತಿ ಕೊಡಿ ಅಮ್ಮ" ಅಂದರೆ ಕೇಳುತ್ತಾರೆ.

ನೀರು ತುಂಬಿದ ಬಕೆಟ್ ಎತ್ತೋದು, ಮಗು ಎತ್ತಿಕೊಳ್ಳೋದು, ಕೆಮ್ಮೋದು, ಎಲ್ಲಕ್ಕೂ ಒಂದೇ ಕ್ರಮ: ಮೊದಲು ಈ ಸ್ನಾಯುಗಳನ್ನು ಒಳಗೆ ಎಳೆದುಕೊಳ್ಳಿ, ಉಸಿರು ಬಿಡುತ್ತಾ ಎತ್ತಿ. ಕೆಮ್ಮುವ ಮೊದಲು ಬಿಗಿಯುವ ಈ ಉಪಾಯಕ್ಕೆ "ನ್ಯಾಕ್" ಅನ್ನುತ್ತಾರೆ. ಮೂತ್ರ ಸೋರುವವರಿಗೆ ಬ್ರಿಟನ್ನಿನ ಆರೋಗ್ಯ ಮಾರ್ಗಸೂಚಿ ಸಂಸ್ಥೆ ನೈಸ್‌ನ (NICE) ಮಾರ್ಗಸೂಚಿ ಹೇಳೋದು ದಿನಕ್ಕೆ 3 ಸಲ, ಪ್ರತಿ ಸಲ ಕನಿಷ್ಠ 8 ಬಿಗಿತ, ಕನಿಷ್ಠ 3 ತಿಂಗಳು, ಅದೂ ತರಬೇತಿ ಇರುವವರ ನೋಟದಲ್ಲಿ. ಒಂದು ವಾರ ಮಾಡಿ ಉಪಯೋಗ ಇಲ್ಲ ಅಂತ ಬಿಟ್ಟವರೇ ಜಾಸ್ತಿ.

ಗರ್ಭಕೋಶ ಜಾರುವುದು ಮುಟ್ಟು ನಿಂತ ಮೇಲೆ ಹೆಚ್ಚು ಕಾಣಿಸಿಕೊಳ್ಳುತ್ತದೆ, ಈಸ್ಟ್ರೋಜನ್ ಇಳಿದಿರುತ್ತದಲ್ಲ. ಯಾರೂ "ಪ್ರೊಲ್ಯಾಪ್ಸ್" ಅಂತ ಬಂದು ಹೇಳಲ್ಲ. "ಸಂಜೆ ಹೊತ್ತಿಗೆ ಏನೋ ಕೆಳಗೆ ಇಳಿದ ಹಾಗೆ ಆಗುತ್ತೆ, ಮಲಗಿದರೆ ಸರಿ ಹೋಗುತ್ತೆ" ಅನ್ನುತ್ತಾರೆ, ಅದೂ ಮೂರನೇ ಪ್ರಶ್ನೆಗೆ. ಅದಕ್ಕೇ ಹಿಸ್ಟರಿ ತಗೊಳ್ಳುವಾಗ "ಸೀನಿದರೆ ಬಟ್ಟೆ ಒದ್ದೆ ಆಗುತ್ತಾ? ಏನಾದರೂ ಕೆಳಗೆ ಕೈಗೆ ಸಿಗುತ್ತಾ?" ಅಂತ ನೇರವಾಗಿ ಕೇಳಿ. ಆಪರೇಷನ್ ಒಂದೇ ದಾರಿ ಅಲ್ಲ. ಗರ್ಭಕೋಶಕ್ಕೆ ಆಸರೆಯಾಗಿ ಯೋನಿಯ ಒಳಗೆ ಇಡುವ ಸಿಲಿಕೋನ್ ಸಾಧನ, ಪೆಸರಿ, ಇದೆ, ಅಳತೆ ಸರಿಯಾಗಿ ನೋಡಿ ಹಾಕಿದರೆ ಓಡಾಡಿಕೊಂಡೇ ಇರಬಹುದು, ಆಗಾಗ ತೆಗೆದು ತೊಳೆದು ಹಾಕಬೇಕು ಅಷ್ಟೇ.